ಪಿಂಚೋ ಬಾರ್‌ನಲ್ಲಿ ಎಡವದಿರಲು: ಬಾಸ್ಕ್ ನಾಡಿನ ತಿಂಡಿ, ವೈನ್ ಸುತ್ತಾಟಕ್ಕೆ ಸಮಗ್ರ ಮಾರ್ಗದರ್ಶಿ

ಸ್ಪೇನ್‌ನ ಉತ್ತರ ಕರಾವಳಿಯಲ್ಲಿರುವ ಬಾಸ್ಕ್ ನಾಡಿನ ಊರು ಸಾನ್ ಸೆಬಾಸ್ಟಿಯನ್‌ಗೆ ಹೋಗಿ ಬಂದ ನಮ್ಮವರ ದೂರು ಮೂರೇ. ಹೊಟ್ಟೆ ತುಂಬಲಿಲ್ಲ, ದುಡ್ಡು ನೀರಿನಂತೆ ಹೋಯಿತು, ತಿಂದದ್ದೆಲ್ಲ ತಣ್ಣಗಿತ್ತು. ಯಾವ ಬಾರ್‌ಗೆ ಹೋಗಿದ್ದಿರಿ ಎಂದು ಕೇಳಿದರೆ ಅವರು ಹೇಳುವ ಹೆಸರು ಒಳ್ಳೆಯ ಬಾರ್‌ನದೇ ಆಗಿರುತ್ತದೆ. ಒಳಗೆ ಕಾಲಿಟ್ಟ ಮೇಲೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಗೊತ್ತಿಲ್ಲದೆ ಎಡವಿರುತ್ತಾರೆ.

ನಾನೂ ಮೊದಲ ಸಂಜೆ ಹಾಗೇ ಎಡವಿದೆ. ಆರು ಗಂಟೆಗೇ ಹಸಿವಾಗಿತ್ತು. ಕೌಂಟರ್ ಉದ್ದಕ್ಕೂ ಜೋಡಿಸಿಟ್ಟ ತಟ್ಟೆಗಳನ್ನು ಕಂಡು ಮದುವೆ ಮನೆಯ ಬಫೆ ಅಂದುಕೊಂಡು ಏಳು ಬಗೆ ತುಂಬಿಕೊಂಡೆ, ಹೊರಗಿನ ಮೇಜಿಗೆ ಹೋಗಿ ಕುಳಿತೆ. ಬ್ರೆಡ್ ಮೆತ್ತಗಾಗಿತ್ತು, ಮೇಯನೀಸ್ ಮೇಲೆ ಕೆನೆ ಕಟ್ಟಿತ್ತು, ಬಿಲ್ಲಿನಲ್ಲಿ ಹೊರಗೆ ಕೂತದ್ದಕ್ಕೂ ಸೇರಿಸಿದ್ದರು. ಅಷ್ಟರಲ್ಲಿ ಒಬ್ಬ ಅಜ್ಜ ಒಳಗೆ ಬಂದು ಏನೋ ಒಂದು ಮಾತು ಹೇಳಿದ. ಹೊಗೆಯಾಡುವ ಅಣಬೆಯ ಪುಟ್ಟ ತಟ್ಟೆ ಅವನ ಮುಂದೆ ಬಂತು, ಜೊತೆಗೆ ಅರ್ಧ ಲೋಟ ವೈನ್. ನಿಂತೇ ತಿಂದ, ನಾಣ್ಯ ಇಟ್ಟ, ಹೊರಟ. ಎಲ್ಲ ಸೇರಿ ಹತ್ತು ನಿಮಿಷ. ಆ ಅಜ್ಜ ಮಾಡಿದ್ದನ್ನೇ ಇಲ್ಲಿ ಹಂತ ಹಂತವಾಗಿ ಬಿಡಿಸಿ ಬರೆದಿದ್ದೇನೆ.

ಹೆಸರಿನ ವಿಷಯ ಒಂದಿಷ್ಟು. ಪಿಂಚೋ ಎಂದರೆ ಎರಡು ಮೂರು ತುತ್ತಿನ ತಿಂಡಿ. ಬ್ರೆಡ್ ಮೇಲೆ ಕಡ್ಡಿ ಚುಚ್ಚಿಟ್ಟದ್ದೂ ಇರುತ್ತದೆ, ಅಡುಗೆಮನೆಯಿಂದ ಬಿಸಿಬಿಸಿ ಬರುವ ಪುಟ್ಟ ತಟ್ಟೆಯೂ ಇರುತ್ತದೆ. ಬಾಸ್ಕ್ ಬರಹದಲ್ಲಿ ಟಿ ಮತ್ತು ಎಕ್ಸ್ ಜೋಡಿಯಾಗಿ ಕಂಡರೆ ‘ಚ’ ಎಂದು ಓದಿ. ಊರಿಗೂ ಎರಡು ಹೆಸರು. ಸ್ಪ್ಯಾನಿಷ್‌ನಲ್ಲಿ ಸಾನ್ ಸೆಬಾಸ್ಟಿಯನ್, ಬಾಸ್ಕ್‌ನಲ್ಲಿ ದೊನೋಸ್ತಿಯಾ. ಬಸ್ಸಿನ ಫಲಕದ ಮೇಲೆ ಎರಡೂ ಕಾಣಬಹುದು, ಗಾಬರಿಯಾಗಬೇಡಿ.

ಹಂತ 1: ದಿನ ಮತ್ತು ಹೊತ್ತು ಸರಿ ಮಾಡಿಕೊಳ್ಳಿ

ಅರ್ಧಕ್ಕರ್ಧ ತಪ್ಪು ಇಲ್ಲೇ ಆಗುವುದು. ಮಧ್ಯಾಹ್ನ 12:30ರಿಂದ 3ರವರೆಗೆ ಒಂದು ಸರದಿ, ರಾತ್ರಿ 7:30ರಿಂದ 10:30ರವರೆಗೆ ಇನ್ನೊಂದು. ನಡುವಿನ ಹೊತ್ತಿನಲ್ಲಿ ಬಾರ್ ತೆರೆದಿದ್ದರೂ ಅಡುಗೆಮನೆ ಬಹುತೇಕ ಮುಚ್ಚಿರುತ್ತದೆ. ಆಗ ಸಿಗುವುದು ಮಧ್ಯಾಹ್ನ ಉಳಿದದ್ದು. ಜೂನ್‌ನಲ್ಲಂತೂ ಸೂರ್ಯ ಮುಳುಗುವುದೇ ರಾತ್ರಿ 10ರ ಸುಮಾರಿಗೆ. ಬೆಳಕಿದೆಯಲ್ಲ ಎಂದು ಕಾಯುತ್ತ ಕೂತರೆ ಹೊತ್ತು ಮೀರುತ್ತದೆ, ಹಸಿವಾಯಿತಲ್ಲ ಎಂದು ಆರಕ್ಕೇ ನುಗ್ಗಿದರೆ ನನಗಾದದ್ದೇ ನಿಮಗೂ ಆಗುತ್ತದೆ. ಐದು ಗಂಟೆಗೆ ಒಂದು ಕಾಫಿ, ಒಂದು ಬಾಳೆಹಣ್ಣಿನಲ್ಲಿ ಹೊಟ್ಟೆಗೆ ಸಮಾಧಾನ ಹೇಳಿ 7:30ಕ್ಕೆ ಹೊರಡಿ. ಎಂಟೂವರೆ ದಾಟಿದರೆ ಹೆಸರುವಾಸಿ ಬಾರ್‌ಗಳಲ್ಲಿ ಮೊಣಕೈ ಇಡಲೂ ಜಾಗ ಸಿಗುವುದಿಲ್ಲ.

ಭಾನುವಾರ ರಾತ್ರಿ, ಸೋಮವಾರ, ಕೆಲವು ಕಡೆ ಮಂಗಳವಾರವೂ ಬಾಗಿಲು ಹಾಕಿರುತ್ತದೆ. ಎರಡೇ ರಾತ್ರಿ ಉಳಿಯುವವರು ಭಾನುವಾರ, ಸೋಮವಾರ ಬರುವಂತೆ ಟಿಕೆಟ್ ಮಾಡಿಸಬೇಡಿ. ಆಗಸ್ಟ್ ನಡುವಿನ ಜಾತ್ರೆಯ ವಾರದಲ್ಲಿ ಬೀದಿ ತುಂಬ ಜನ, ಬಾರ್‌ನವರಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಮೊದಲ ಸಲ ಹೋಗುವವರಿಗೆ ಮೇ, ಜೂನ್, ಅಕ್ಟೋಬರ್ ಹಿತ.

ಗುರುವಾರ ಸಿಕ್ಕರೆ ಉರುಮೇಯಾ ನದಿ ದಾಟಿ ಗ್ರೋಸ್ ಬಡಾವಣೆಗೆ ಹೋಗಿ. ಅಂದು ಸಂಜೆ ಅಲ್ಲಿ ‘ಪಿಂಚೋ ಪೋತೆ’ ನಡೆಯುತ್ತದೆ. ಒಂದು ಪಾನೀಯಕ್ಕೆ ಒಂದು ಪಿಂಚೋ ಸೇರಿಸಿ ಕಡಿಮೆ ದರ. ತಿಂಡಿ ಸಾಧಾರಣ, ಬೀದಿಯ ಗಲಾಟೆ ಸೊಗಸು.

ಹಂತ 2: ಜೊತೆಗೆ ಏನೇನಿರಬೇಕು

ಕಾರ್ಡ್ ಎಲ್ಲೆಡೆ ನಡೆದರೂ 1, 2 ಯೂರೊ ನಾಣ್ಯ, 5, 10ರ ನೋಟು ಕಿಸೆಯಲ್ಲಿರಲಿ. ಜನಜಂಗುಳಿಯ ಕೌಂಟರ್‌ನಲ್ಲಿ ಲೆಕ್ಕ ಬೇಗ ಮುಗಿಯುತ್ತದೆ. ಬೆನ್ನಿನ ದೊಡ್ಡ ಚೀಲ ರೂಮಿನಲ್ಲೇ ಬಿಡಿ. ಹಳೆಯ ಊರಿನ ಬಾರ್‌ಗಳು ನಮ್ಮ ಹಜಾರದಷ್ಟಗಲ, ನೀವು ತಿರುಗಿದಾಗಲೆಲ್ಲ ಯಾರದೋ ಲೋಟ ಬೀಳುತ್ತದೆ. ಕಾಲಿಗೆ ಜಾರದ ಚಪ್ಪಲಿ ಅಥವಾ ಶೂ ಇರಲಿ. ಅಲ್ಲಿನ ಜಿಟಿಜಿಟಿ ಮಳೆಗೆ ‘ಸಿರಿಮಿರಿ’ ಅನ್ನುತ್ತಾರೆ. ನಮ್ಮ ಮಲೆನಾಡಿನವರೇ ಇಟ್ಟ ಹೆಸರೇನೋ ಅನ್ನಿಸುತ್ತದೆ! ಅದು ಬಿದ್ದರೆ ಕಲ್ಲುಹಾಸು ಜಾರುತ್ತದೆ.

ನಾಲ್ಕು ಜನಕ್ಕಿಂತ ಹೆಚ್ಚಿದ್ದರೆ ಒಟ್ಟಿನ ಹಣದ ಚೀಲ ಮಾಡಿ. ಅಲ್ಲಿನ ಗೆಳೆಯರ ಗುಂಪುಗಳೂ ಹಾಗೇ ಮಾಡುತ್ತವೆ, ಅದಕ್ಕೆ ‘ಬೋತೆ’ ಎಂದು ಹೆಸರು. ಹೊರಡುವಾಗ ಎಲ್ಲರೂ 20 ಯೂರೊ ಹಾಕುತ್ತಾರೆ, ಒಬ್ಬರು ಇಟ್ಟುಕೊಂಡು ಪ್ರತಿ ಬಾರ್‌ನಲ್ಲೂ ಕೊಡುತ್ತಾರೆ, ಮುಗಿದಾಗ ಮತ್ತೆ ಹಾಕುತ್ತಾರೆ. ಒಂದೊಂದು ಬಾರ್‌ನಲ್ಲೂ ಬಿಲ್ಲು ನಾಲ್ಕು ಪಾಲು ಮಾಡಿ ಎಂದು ಕೇಳಿದರೆ ಕೌಂಟರ್‌ನವನ ಮುಖ ನೋಡಬೇಕು.

ಇನ್ನು ನಾಲ್ಕು ಮಾತು ಬಾಯಿಪಾಠ ಮಾಡಿ. ಒಳಗೆ ಹೋದೊಡನೆ ‘ಕಾಯ್ಶೊ’, ನಮಸ್ಕಾರದ ಹಾಗೆ. ‘ಎಸ್ಕೆರಿಕ್ ಆಸ್ಕೊ’, ಧನ್ಯವಾದ. ಹೊರಡುವಾಗ ‘ಆಗುರ್’. ಇವು ಬಾಸ್ಕ್. ನಾಲ್ಕನೆಯದು ಸ್ಪ್ಯಾನಿಷ್, ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಅದೇ. ‘ಕೆ ಯೆವಾ?’ ಇದರಲ್ಲಿ ಏನೇನು ಹಾಕಿದೆ ಎಂದು.

ಹಂತ 3: ಒಳಗೆ ಹೋದ ಮೊದಲ ಎರಡು ನಿಮಿಷ ಕೈ ಕಟ್ಟಿ ನೋಡಿ

ಬಾರ್ ಎಂಬ ಹೆಸರಿಗೆ ಹೆದರುವ ಕುಟುಂಬಗಳಿಗೆ ಮೊದಲು ಇದನ್ನು ಹೇಳಬೇಕು. ಇದು ನಮ್ಮ ಊರಿನ ಮಬ್ಬು ದೀಪದ ಬಾರ್ ಅಲ್ಲ. ಅಜ್ಜಿ, ಮೊಮ್ಮಕ್ಕಳು, ತಳ್ಳುಗಾಡಿಯಲ್ಲಿ ಮಲಗಿದ ಕೂಸು, ಎಲ್ಲರೂ ಇರುತ್ತಾರೆ. ಮಕ್ಕಳನ್ನು ಧೈರ್ಯವಾಗಿ ಕರೆದೊಯ್ಯಿರಿ.

ಕೌಂಟರ್ ಮೇಲಿನ ತಟ್ಟೆಗಳಿಗೆ ಕೈ ಹಾಕುವ ಮೊದಲು ಗೋಡೆ ನೋಡಿ. ಕರಿಹಲಗೆ ಇರುತ್ತದೆ, ಸೀಮೆಸುಣ್ಣದಲ್ಲಿ ಬರೆದ ಹತ್ತು ಹನ್ನೆರಡು ಹೆಸರು. ಆಗಷ್ಟೇ ಮಾಡಿಕೊಡುವ ಬಿಸಿ ಪಿಂಚೋಗಳ ಪಟ್ಟಿ ಅದು. ಆ ಬಾರ್‌ನ ಹೆಸರು ನಿಂತಿರುವುದು ಹೆಚ್ಚಾಗಿ ಅದರ ಮೇಲೆ. ಹೊಸಬರು ಕೌಂಟರ್‌ನ ಬಣ್ಣಕ್ಕೆ ಮರುಳಾಗಿ ಹಲಗೆಯತ್ತ ತಲೆ ಎತ್ತುವುದೇ ಇಲ್ಲ. ಹಲಗೆಯ ಅಕ್ಷರ ಅರ್ಥವಾಗದಿದ್ದರೆ ಪಕ್ಕದವರ ಮುಂದಿನ ತಟ್ಟೆ ನೋಡಿ. ಮೂರು ಜನರ ಮುಂದೆ ಒಂದೇ ತಿಂಡಿ ಕಂಡರೆ ಅದನ್ನೇ ಬೆರಳು ತೋರಿಸಿ ಕೇಳಿ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಆಮೇಲೆ ಕೌಂಟರ್‌ಗೆ ಅಂಟಿಕೊಂಡು ಒಂದು ಭುಜದಷ್ಟು ಜಾಗ ಮಾಡಿಕೊಳ್ಳಿ. ಸಾಲು ಎಂಬುದು ಕಣ್ಣಿಗೆ ಕಾಣುವುದಿಲ್ಲ, ಕೌಂಟರ್‌ನವನ ತಲೆಯಲ್ಲಿರುತ್ತದೆ. ಕಣ್ಣು ಕೂಡಿಸಿ, ‘ಕಾಯ್ಶೊ’ ಅನ್ನಿ, ಸುಮ್ಮನಿರಿ. ಕೈ ಬೀಸುವುದು, ಚಿಟಿಕೆ ಹೊಡೆಯುವುದು, ‘ಹಲೋ ಬಾಸ್’ ಎಂದು ಕೂಗುವುದು ನಿಮ್ಮ ಸರದಿಯನ್ನು ಹಿಂದಕ್ಕೇ ತಳ್ಳುತ್ತದೆ.

ಹಂತ 4: ಹೇಳುವ ಕ್ರಮ

ಮೊದಲು ಕುಡಿಯಲು. ಎರಡನೆಯದು ಹಲಗೆಯಿಂದ ಒಂದು ಬಿಸಿ ಪಿಂಚೋ. ಅದು ಬರಲು ಐದರಿಂದ ಹತ್ತು ನಿಮಿಷ ಹಿಡಿಯುತ್ತದೆ. ಆ ನಡುವೆ ಕೌಂಟರ್‌ನಿಂದ ಒಂದು ತಣ್ಣನೆಯದು ತಿನ್ನಿ. ಹೊಸಬರು ಮೊದಲು ತಣ್ಣನೆಯದರಲ್ಲಿ ಹೊಟ್ಟೆ ತುಂಬಿಸಿಕೊಂಡು, ಬಿಸಿಯದರ ಪರಿಮಳ ಬಂದಾಗ ಕೈ ಕೈ ಹಿಸುಕಿಕೊಳ್ಳುತ್ತಾರೆ.

ಕೌಂಟರ್‌ನಿಂದ ನೀವೇ ತೆಗೆದುಕೊಳ್ಳುವ ಬಾರ್‌ಗಳೂ ಇವೆ, ಗಾಜಿನ ಹಿಂದಿಟ್ಟು ಅವರೇ ಕೊಡುವ ಬಾರ್‌ಗಳೂ ಇವೆ. ಗೊತ್ತಾಗದಿದ್ದರೆ ಬೆರಳು ತೋರಿಸಿ, ಕೊಡುತ್ತಾರೆ. ಮುಟ್ಟಿದ್ದನ್ನು ವಾಪಸ್ ಇಡುವಂತಿಲ್ಲ. ಕೆಲವನ್ನು ಕೊಡುವ ಮುಂಚೆ ‘ಬಿಸಿ ಮಾಡಲೇ’ ಎಂದು ಕೇಳುತ್ತಾರೆ. ಕ್ರೊಕೇತಾ (ಮೆತ್ತನೆಯ ಹೂರಣದ ಕರಿದ ಉಂಡೆ), ತುಂಬಿದ ಮೆಣಸಿನಕಾಯಿ ಇವಕ್ಕೆಲ್ಲ ತಲೆಯಾಡಿಸಿ, ಅಂಚೋವಾ ಎಂಬ ಸಣ್ಣ ಮೀನು ಇದ್ದದ್ದಕ್ಕೆ ಬೇಡ ಅನ್ನಿ.

ಒಂದು ಬಾರ್‌ನಲ್ಲಿ ಒಬ್ಬರಿಗೆ ಒಂದು, ಬಹಳವಾದರೆ ಎರಡು. ಅಷ್ಟೇ. ಮುಂದಿನ ಬಾರ್ ಐವತ್ತು ಹೆಜ್ಜೆ ದೂರದಲ್ಲಿದೆ.

ಕೌಂಟರ್‌ನವರು ಅಗಲವಾದ ಖಾಲಿ ತಟ್ಟೆ ಕೈಗಿತ್ತರೆ ಎಚ್ಚರಾಗಿ. ತಪ್ಪೇನಲ್ಲ, ಆದರೆ ನಿಮ್ಮನ್ನು ಬಫೆ ಗಿರಾಕಿ ಎಂದು ಅವರು ಗುರುತಿಸಿಯಾಯಿತು. ನಗುತ್ತ ತಟ್ಟೆ ಪಕ್ಕಕ್ಕಿಟ್ಟು ಹಲಗೆಯತ್ತ ಬೆರಳು ತೋರಿಸಿ. ಅವರ ವರಸೆ ಅಲ್ಲೇ ಬದಲಾಗುತ್ತದೆ.

ಹಿಲ್ದಾ ತಿನ್ನುವ ಬಗೆಯನ್ನು ಬಿಡಿಸಿ ಹೇಳಲೇಬೇಕು. ಬರಹದಲ್ಲಿ ಗಿಲ್ಡಾ ಎಂದು ಕಂಡರೂ ಅಲ್ಲಿ ಹೇಳುವುದು ಹಿಲ್ದಾ. ಒಂದು ಕಡ್ಡಿಗೆ ಹಸಿರು ಆಲಿವ್, ಉಪ್ಪುಹಾಕಿದ ಅಂಚೋವಾ ಮೀನು, ವಿನೆಗರ್‌ನಲ್ಲಿ ನೆನೆದ ಎಳೆ ಮೆಣಸಿನಕಾಯಿ. ನಾನು ಮೊದಲ ಸಲ ಒಂದೊಂದನ್ನೇ ಕಿತ್ತು ತಿಂದೆ. ಮೀನು ಬರೀ ಉಪ್ಪು, ಮೆಣಸಿನಕಾಯಿ ಬರೀ ಹುಳಿ. ಕಡ್ಡಿಯನ್ನು ಅಡ್ಡ ಹಿಡಿದು, ಹಲ್ಲಿನಿಂದ ಎಲ್ಲವನ್ನೂ ಒಟ್ಟಿಗೆ ಬಾಯಿಗೆ ಎಳೆದುಕೊಳ್ಳಬೇಕು. ಆಗ ಉಪ್ಪು, ಹುಳಿ, ಎಣ್ಣೆ ಮೂರೂ ಒಂದೇ ಸಲ ನಾಲಿಗೆಗೆ ಬಿದ್ದು ಕೆನ್ನೆ ಜುಮ್ಮೆನ್ನುತ್ತದೆ. ಮಿಡಿ ಉಪ್ಪಿನಕಾಯಿಗೆ ಬಾಯಿ ಹಾಕಿದ ಹಾಗೆ. ಮೇಲೆ ಒಂದು ಗುಟುಕು ತಣ್ಣನೆಯ ಬಿಳಿ ವೈನ್.

ಹಂತ 5: ಲೋಟದಲ್ಲಿ ಏನು

ಚಕೋಲಿಯಿಂದ ಶುರು ಮಾಡಿ. ಕರಾವಳಿಯ ಬಿಳಿ ವೈನ್ ಇದು, ಹೊಂಡರ್ರಬಿ ಸುರಿ ಎಂಬ ದ್ರಾಕ್ಷಿಯದು. ಹುಳಿ ಮುಂದು, ಆಲ್ಕೋಹಾಲ್ ಶೇ 11ರ ಆಸುಪಾಸು, ನಾಲಿಗೆ ತುದಿಯಲ್ಲಿ ಸಣ್ಣ ಗುಳ್ಳೆಗಳ ಚುರುಕು. ಗೆತಾರಿಯಾ ಎಂಬ ಕರಾವಳಿ ಊರಿನ ಕಡೆಯದನ್ನು ಎತ್ತರದಿಂದ ಸುರಿಯುತ್ತಾರೆ. ಬಾಟಲಿ ತಲೆಯ ಮಟ್ಟಕ್ಕೆ, ಲೋಟ ಸೊಂಟದ ಹತ್ತಿರ, ನಡುವೆ ಬೆಳ್ಳಿಯ ದಾರದಂಥ ಧಾರೆ. ನಮ್ಮಲ್ಲಿ ಫಿಲ್ಟರ್ ಕಾಫಿ ಎತ್ತಿ ಎರೆಯುವ ಕೈಚಳಕವೇ. ಅಗಲ ಲೋಟದ ತಳದಲ್ಲಿ ಎರಡು ಬೆರಳಿನಷ್ಟೇ ಬೀಳುತ್ತದೆ. ‘ಇಷ್ಟೇನಾ’ ಎಂದು ಮುಖ ಸಣ್ಣ ಮಾಡಬೇಡಿ, ತುಂಬಿ ಕೊಡಿ ಎಂದು ಕೇಳಬೇಡಿ. ಗುಳ್ಳೆ ಆರುವ ಮೊದಲು ಮೂರ್ನಾಲ್ಕು ಗುಟುಕಿನಲ್ಲಿ ಮುಗಿಸಬೇಕಾದ ಲೆಕ್ಕ ಅದು. ಲೋಟ ಹಿಡಿದು ಅರ್ಧ ಗಂಟೆ ಹರಟಿದರೆ ಕೈಯಲ್ಲಿ ಉಳಿಯುವುದು ಬೆಚ್ಚಗಿನ ಹುಳಿನೀರು.

ಮಾಂಸದ ಪಿಂಚೋಗೆ ಬಂದಾಗ ಕೆಂಪಿಗೆ ಬದಲಾಯಿಸಿ. ಬರೀ ‘ತಿಂತೊ’ ಎಂದರೆ ಹೆಚ್ಚಾಗಿ ಎಳೆಯ, ಅಗ್ಗದ ವೈನ್ ಸಿಗುತ್ತದೆ. ‘ಕ್ರಿಯಾನ್ಸಾ’ ಎಂದು ಕೇಳಿ. ಸ್ಪೇನ್‌ನ ಹೆಸರಾಂತ ವೈನ್ ಪ್ರದೇಶ ರಿಯೋಹಾದ ಕೆಂಪು ಕ್ರಿಯಾನ್ಸಾ ಕನಿಷ್ಠ ಎರಡು ವರ್ಷ ಮಾಗಿರಬೇಕು, ಅದರಲ್ಲಿ ಒಂದು ವರ್ಷ ಓಕ್ ಪೀಪಾಯಿಯಲ್ಲಿ. ಬಾಸ್ಕ್ ನಾಡಿನೊಳಗೇ ಇರುವ ರಿಯೋಹಾ ಅಲಾವೆಸಾ ಭಾಗದ ವೈನ್ ಬಹುತೇಕ ಬಾರ್‌ಗಳಲ್ಲಿ ಲೋಟದ ಲೆಕ್ಕದಲ್ಲಿ ಸಿಗುತ್ತದೆ. ಹಣ್ಣಿನ ರುಚಿ ಎದ್ದು ಕಾಣುವ ಎಳೆ ವೈನ್ ಇಷ್ಟವಾದರೆ ‘ಕೊಸೆಚೇರೊ’ ಅನ್ನಿ.

ಬಿಯರ್‌ಗೆ ‘ಸುರಿತೊ’. ಅದು ಪುಟ್ಟ ಲೋಟ. ಸುಮ್ಮನೆ ಬಿಯರ್ ಎಂದರೆ ದೊಡ್ಡದು ಬಂದು ಎರಡನೇ ಬಾರ್‌ಗೇ ಹೊಟ್ಟೆ ಉಬ್ಬುತ್ತದೆ.

ಕುಡಿಯದವರಿಗೂ ಇಲ್ಲಿ ಸಂಕೋಚವಿಲ್ಲ. ‘ಮೋಸ್ತೊ’ ಕೇಳಿ, ದ್ರಾಕ್ಷಿ ರಸ. ಕೆಂಪು, ಬಿಳಿ ಎರಡೂ ಇದೆ, ವೈನ್‌ನಷ್ಟೇ ಗತ್ತಿನಲ್ಲಿ ಕೊಡುತ್ತಾರೆ. ‘ತಿಂತೊ ದೆ ವೆರಾನೊ’ ಜ್ಯೂಸ್‌ನಂತೆ ಕಂಡರೂ ಅದರಲ್ಲಿ ವೈನ್ ಇರುತ್ತದೆ, ಮಕ್ಕಳಿಗೆ ತರಿಸಬೇಡಿ. ನೀರಿಗೆ ‘ಅಗ್ವಾ ದೆಲ್ ಗ್ರಿಫೊ’, ಅಂದರೆ ನಲ್ಲಿ ನೀರು. 2022ರ ಕಾನೂನಿನ ಪ್ರಕಾರ ಅದನ್ನು ಬಿಟ್ಟಿಯಾಗಿ ಕೊಡಲೇಬೇಕು. ಎರಡು ಲೋಟ ವೈನ್‌ಗೆ ಒಂದು ಲೋಟ ನೀರು ಎಂದು ಮೊದಲೇ ಲೆಕ್ಕ ಹಾಕಿಕೊಳ್ಳಿ. ಲೋಟ ಚಿಕ್ಕದೆಂದು ಮೈಮರೆತು, ಐದನೇ ಬಾರ್‌ನಲ್ಲಿ ಲೆಕ್ಕ ತಪ್ಪಿದವರನ್ನು ಕಂಡಿದ್ದೇನೆ.

ಹಂತ 6: ಒಂದು ಸಂಜೆಯ ಸರದಿ

ಹಳೆಯ ಊರನ್ನು ಹತ್ತು ನಿಮಿಷದಲ್ಲಿ ಒಂದು ತುದಿಯಿಂದ ಇನ್ನೊಂದಕ್ಕೆ ನಡೆಯಬಹುದು. ಫೆರ್ಮಿನ್ ಕಲ್ಬೆತೋನ್, ಪೆಸ್ಕದೆರಿಯಾ, ಸಾನ್ ಹೆರೋನಿಮೊ, ಆಗಸ್ಟ್ 31 ಎಂಬ ಹೆಸರಿನ ಬೀದಿ, ಈ ನಾಲ್ಕು ಗೊತ್ತಿದ್ದರೆ ಸಾಕು. ರುಚಿಯ ಏರಿಕೆ ಹೀಗಿರಲಿ: ತಣ್ಣನೆಯ ಉಪ್ಪು ಹುಳಿ, ಆಮೇಲೆ ಬಿಸಿ ಅಣಬೆ ಅಥವಾ ಮೀನು, ಆಮೇಲೆ ಮಾಂಸ, ಕೊನೆಗೆ ಸಿಹಿ. ಮಾಂಸ ತಿಂದ ಬಾಯಿಗೆ ಅಂಚೋವಾ ಸಪ್ಪೆ.

ಮೀನು ತಿನ್ನುವವರು ಪೆಸ್ಕದೆರಿಯಾ ಬೀದಿಯ ಚೆಪೆಚಾದಲ್ಲಿ ಅಂಚೋವಾ ಮತ್ತು ಚಕೋಲಿಯಿಂದ ಆರಂಭಿಸಿ. ಅಲ್ಲಿಂದ ಫೆರ್ಮಿನ್ ಕಲ್ಬೆತೋನ್‌ನ ಬೋರ್ದಾ ಬೆರ್ರಿ. ಅಲ್ಲಿ ಎಲ್ಲವೂ ಹಲಗೆಯಿಂದ ಹೇಳಿ ಮಾಡಿಸಿದ್ದೇ. ಇಬ್ಬರಿದ್ದರೆ ಎರಡು ಬೇರೆ ಬೇರೆ ಪಿಂಚೋ ಹೇಳಿ ಹಂಚಿಕೊಳ್ಳಿ. ಸಾನ್ ಹೆರೋನಿಮೊ ಬೀದಿಯ ಗಂಬಾರಾದಲ್ಲಿ ಕೌಂಟರ್ ಮೇಲೆ ಕಾಡಿನ ಅಣಬೆಯ ರಾಶಿ ಕಾಣುತ್ತದೆ. ಅದನ್ನು ಹುರಿದು ನಡುವೆ ಹಸಿ ಮೊಟ್ಟೆಯ ಹಳದಿ ಇಟ್ಟು ಕೊಡುತ್ತಾರೆ. ರುಚಿಗೆ ಸಾಟಿಯಿಲ್ಲ, ಬೆಲೆಯೂ ಹಾಗೇ, ಕೇಳಿಯೇ ಹೇಳಿ. ಮಾಂಸಕ್ಕೆ ಸಾನ್ ತೆಲ್ಮೊ ಮ್ಯೂಸಿಯಂ ಹತ್ತಿರದ ಲಾ ಕುಚಾರಾ ದೆ ಸಾನ್ ತೆಲ್ಮೊ. ಅಲ್ಲೂ ಅಷ್ಟೇ, ಹೇಳಿದ ಮೇಲೆಯೇ ಒಲೆಗೆ ಏರುವುದು. ಮುಕ್ತಾಯಕ್ಕೆ ಆಗಸ್ಟ್ 31 ಬೀದಿಯ ಲಾ ವಿನ್ಯಾದ ಚೀಸ್‌ಕೇಕ್, ಮೇಲೆ ಕಪ್ಪಗೆ ಸುಟ್ಟು ಒಳಗೆ ಮೆತ್ತಗಿರುವುದು. ಇಬ್ಬರಿಗೆ ಒಂದು ಪ್ಲೇಟ್ ಧಾರಾಳ.

ಪೆಸ್ಕದೆರಿಯಾ ಬೀದಿಯಲ್ಲೇ ಇರುವ ನೆಸ್ತೋರ್‌ನ ಆಲೂಗಡ್ಡೆ ತೊರ್ತಿಯಾ (ಆಲೂಗಡ್ಡೆ ಹಾಕಿದ ದಪ್ಪ ಆಮ್ಲೆಟ್) ಬೇಕಿದ್ದರೆ ಬೇರೆ ಕ್ರಮ. ಮಧ್ಯಾಹ್ನ ಒಂದು, ರಾತ್ರಿ ಒಂದು, ದಿನಕ್ಕೆ ಎರಡೇ ತೊರ್ತಿಯಾ ಮಾಡುತ್ತಾರೆ. ಮುಂಚೆಯೇ ಹೋಗಿ ಹೆಸರು ಬರೆಸಿ, ಕತ್ತರಿಸುವ ಹೊತ್ತಿಗೆ ಸರಿಯಾಗಿ ಅಲ್ಲಿರಬೇಕು. ಹೆಸರು ಬರೆಸದೆ ಎಂಟಕ್ಕೆ ಹೋಗಿ ಬಾಗಿಲಲ್ಲಿ ನಿಂತವರಿಗೆ ಪರಿಮಳ ಮಾತ್ರ.

ಬಾಸ್ಕ್ ನಾಡಿನ ಇನ್ನೊಂದು ನಗರ ಬಿಲ್ಬಾವೊದಲ್ಲಿ ಇರುವವರಿಗೂ ಕ್ರಮ ಇದೇ. ಹಳೆಯ ಊರಿನ ಪ್ಲಾಸಾ ನ್ವೇವಾ ಚೌಕದ ಸುತ್ತ ಕಮಾನುಗಳ ಕೆಳಗೆ ಬಾರ್‌ಗಳು ಸಾಲಾಗಿವೆ. ಮಳೆ ಬಂದರೂ ನೆನೆಯದೆ ಒಂದು ಸುತ್ತು ಮುಗಿಸಬಹುದು.

ಹಂತ 7: ಸಸ್ಯಾಹಾರಿಗಳು, ದನದ ಮಾಂಸ ತಿನ್ನದವರು ಓದಲೇಬೇಕಾದದ್ದು

ನಮ್ಮ ಅತ್ತಿಗೆ ಮೊಟ್ಟೆ ತಿನ್ನುತ್ತಾರೆ, ಮೀನು ಮಾಂಸ ಮುಟ್ಟುವುದಿಲ್ಲ. ಒಂದು ಬಾರ್‌ನಲ್ಲಿ ‘ವೆಹೆತಾಲ್’ ಎಂದು ಬರೆದ ಸ್ಯಾಂಡ್‌ವಿಚ್ ಕಂಡು, ಹೆಸರಲ್ಲೇ ತರಕಾರಿ ಇದೆಯಲ್ಲ ಎಂದು ನಂಬಿ ತೆಗೆದುಕೊಂಡರು. ಎರಡನೇ ತುತ್ತಿಗೆ ಮುಖ ಬಿಳುಚಿತು. ಒಳಗೆ ಟ್ಯೂನಾ ಮೀನು. ಬಾರ್‌ನವನಿಗೆ ಹೇಳಿದರೆ ಅವನಿಗೆ ನಿಜಕ್ಕೂ ಅರ್ಥವಾಗಲಿಲ್ಲ, ‘ಅದು ಮಾಂಸವಲ್ಲವಲ್ಲ!’ ಎಂದ. ಅವನು ಸುಳ್ಳು ಹೇಳಲಿಲ್ಲ. ಅಲ್ಲಿ ‘ಕಾರ್ನೆ’ ಅಂದರೆ ಮಾಂಸದ ತುಂಡು. ಮೀನು ಅದರೊಳಗೆ ಬರುವುದಿಲ್ಲ, ಎಷ್ಟೋ ಸಲ ಹಾಮೋನ್ (ಉಪ್ಪು ಹಾಕಿ ಒಣಗಿಸಿದ ಹಂದಿ ಮಾಂಸ) ಕೂಡ ಬರುವುದಿಲ್ಲ. ಹಾಗಾಗಿ ‘ವೆಜಿಟೇರಿಯನ್’ ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಈ ಸಾಲನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ: ‘ನೊ ಕೊಮೊ ಕಾರ್ನೆ, ನಿ ಹಾಮೋನ್, ನಿ ಪೆಸ್ಕಾದೊ, ನಿ ಮರಿಸ್ಕೊ.’ ಮಾಂಸ, ಹಾಮೋನ್, ಮೀನು, ಸಿಗಡಿ ಏಡಿ ಯಾವುದನ್ನೂ ತಿನ್ನುವುದಿಲ್ಲ ಎಂದು.

ಹಳ್ಳ ತೋಡಿ ಕಾದಿರುವ ಪದಾರ್ಥಗಳು ಇನ್ನೂ ಇವೆ. ಎನ್ಸಲದಿಯಾ ರೂಸಾ ಎಂಬ ಆಲೂಗಡ್ಡೆ ಸಲಾಡ್‌ನಲ್ಲಿ ಸಾಮಾನ್ಯವಾಗಿ ಟ್ಯೂನಾ ಇರುತ್ತದೆ. ಕ್ರೊಕೇತಾ ಹೆಚ್ಚಾಗಿ ಹಾಮೋನ್ ಅಥವಾ ಬಕಲಾವೊ (ಕಾಡ್) ಮೀನಿನದು, ಅಣಬೆಯದಿದ್ದರೆ ‘ಓಂಗೊಸ್’ ಎಂದು ಬರೆದಿರುತ್ತಾರೆ. ಅಣಬೆಯ ತಟ್ಟೆಗೆ ಹಾಮೋನ್ ಚೂರು ಉದುರಿಸುವ ಅಭ್ಯಾಸವಿದೆ, ‘ಸಿನ್ ಹಾಮೋನ್’ ಎಂದು ಹೇಳಿಯೇ ಮಾಡಿಸಿ. ಕೆಂಪು ಪಿಕಿಯೊ ಮೆಣಸಿನಕಾಯಿ ಗುಂಡಗೆ ಉಬ್ಬಿದ್ದರೆ ಒಳಗೆ ಮೀನೋ ಮಾಂಸವೋ ತುಂಬಿದೆ. ಡಬ್ಬಿಯ ಹಸಿರು ಆಲಿವ್‌ನ ಹೊಟ್ಟೆಯಲ್ಲೂ ಅಂಚೋವಾ ತುಂಬಿರುತ್ತಾರೆ, ಬೀಜವಿರುವ ಆಲಿವ್ ಆದರೆ ನಿಶ್ಚಿಂತೆ. ಇದಿಯಸಾಬಲ್ ಕುರಿ ಹಾಲಿನ ಚೀಸ್ ಬಹಳ ರುಚಿ, ಆದರೆ ಹಾಲು ಒಡೆಸಲು ಕುರಿಮರಿಯ ಹೊಟ್ಟೆಯ ರೆನೆಟ್ ಬಳಸುವ ಪದ್ಧತಿ ಇದೆ. ಕಟ್ಟುನಿಟ್ಟಿನವರು ಬಿಡುವುದು ಒಳ್ಳೆಯದು. ಆ ಚೀಸ್ ಹಾಕಿದ ರಿಸೊಟ್ಟೊ ಎಂಬ ಮೆತ್ತನೆಯ ಅನ್ನದ ತಿನಿಸು ಕೇಳುವಾಗ ಬೇಯಿಸಿದ ಸಾರು ಯಾವುದೆಂದು ವಿಚಾರಿಸಿ.

ಇಷ್ಟು ಹೇಳಿದ ಮೇಲೆ ಸಿಗುವುದನ್ನೂ ಹೇಳಬೇಕಲ್ಲ. ಮೊಟ್ಟೆ ಆಗುವುದಾದರೆ ಆಲೂಗಡ್ಡೆ ತೊರ್ತಿಯಾ ನಿಮ್ಮ ಬೆನ್ನೆಲುಬು. ಬಕಲಾವೊ ಹಾಕಿದ್ದೂ ಇರುತ್ತದೆ, ಕೇಳಿಕೊಳ್ಳಿ. ಗೆರ್ನಿಕಾ ಮೆಣಸಿನಕಾಯಿ ಎಂಬುದೊಂದಿದೆ. ನಮ್ಮ ಬಜ್ಜಿ ಮೆಣಸಿನಕಾಯಿಗಿಂತ ಸಣ್ಣದು, ಖಾರವಿಲ್ಲ, ಎಣ್ಣೆಯಲ್ಲಿ ಬಾಡಿಸಿ ಮೇಲೆ ಕಲ್ಲುಪ್ಪು ಉದುರಿಸುತ್ತಾರೆ. ತೊಟ್ಟು ಹಿಡಿದು ಇಡಿಯಾಗಿ ಬಾಯಿಗೆ ಹಾಕಿಕೊಳ್ಳುವುದು. ನೆಸ್ತೋರ್‌ನಲ್ಲಿ ಈ ಮೆಣಸಿನಕಾಯಿ, ದಪ್ಪ ಹೋಳಿನ ಟೊಮೇಟೊ ಸಲಾಡ್ ಎರಡೂ ಸಿಗುತ್ತವೆ. ಬೇಸಿಗೆಯ ಆ ಟೊಮೇಟೊಗೆ ಎಣ್ಣೆ, ಉಪ್ಪು ಬಿಟ್ಟು ಇನ್ನೇನೂ ಬೇಡ. ಟೊಮೇಟೊ ಉಜ್ಜಿದ ಬ್ರೆಡ್, ಹುರಿದ ಅಣಬೆ, ಕೊನೆಗೆ ಚೀಸ್‌ಕೇಕ್. ಒಂದು ಸಂಜೆಗೆ ಸಾಕು. ಆದರೆ ಬಾಣಲೆ, ಕಾವಲಿ, ಎಣ್ಣೆ ಎಲ್ಲಕ್ಕೂ ಒಂದೇ ಎಂಬುದು ನೆನಪಿರಲಿ. ಮೊಟ್ಟೆಯನ್ನೂ ಬಿಟ್ಟವರು ಇದನ್ನು ರಾತ್ರಿ ಊಟವೆಂದು ನಂಬಬೇಡಿ. ಹಳೆಯ ಊರಿನ ಲಾ ಬ್ರೆಚಾ ಮಾರುಕಟ್ಟೆಯಲ್ಲಿ ಹಣ್ಣು ತರಕಾರಿ ಕೊಂಡು ರೂಮಿನಲ್ಲಿ ಅಡುಗೆ ಮಾಡಿಕೊಂಡು, ಮೋಸ್ತೊ, ಆಲಿವ್‌ಗೆಂದು ಸುತ್ತಾಡಲು ಬನ್ನಿ. ಚಟ್ನಿಪುಡಿ ಡಬ್ಬಿಯೂ ರೂಮಿನಲ್ಲೇ ಇರಲಿ.

ಮಾಂಸ ತಿಂದರೂ ದನದ್ದು ಬೇಡವೆನ್ನುವವರು ಈ ಹೆಸರುಗಳನ್ನು ಗುರುತಿಡಿ: ತೆರ್ನೇರಾ, ವಾಕಾ, ಬ್ವೆಯ್, ಚುಲೇತಾ. ‘ಸೊಲೊಮಿಯೊ’ ಎಂಬ ಮೆದು ತುಂಡು ದನದ್ದೂ ಆಗಬಹುದು, ಹಂದಿಯದೂ ಆಗಬಹುದು. ‘ಕರಿಯೇರಾ’ ಕೆನ್ನೆಯ ಮಾಂಸ, ಅದೂ ಹಾಗೇ. ಹಂದಿ ಬೇಡದವರು ಗುರುತಿಟ್ಟು ಬಿಡಬೇಕಾದ ಹೆಸರುಗಳು: ಸೆರ್ದೊ, ಹಾಮೋನ್, ಚೊರೀಸೊ, ಚಿಸ್ತೋರಾ, ಮೊರ್ಸಿಯಾ. ಕೊನೆಯದು ರಕ್ತ ಹಾಕಿ ಮಾಡುವ ಸಾಸೇಜ್.

ಹಂತ 8: ಲೆಕ್ಕ ಮತ್ತು ಹೊರಡುವುದು

ದರ್ಶಿನಿಯಲ್ಲಿ ಮೊದಲು ದುಡ್ಡು, ಟೋಕನ್, ಆಮೇಲೆ ಇಡ್ಲಿ. ಇಲ್ಲಿ ಹೆಚ್ಚಿನ ಕಡೆ ತಿಂದು ಮುಗಿಸಿ ಕೊನೆಗೆ ಕೊಡುವುದು. ಪ್ರತಿ ಲೋಟಕ್ಕೂ ನೋಟು ಚಾಚಬೇಡಿ. ಜನ ಹೆಚ್ಚಿದ್ದಾಗ ಮಾತ್ರ ಕೆಲವರು ಆಗಲೇ ಕೇಳುತ್ತಾರೆ. ಏನೇನು ತಿಂದಿರಿ ಎಂದು ನೀವೇ ಹೇಳಬೇಕಾಗುತ್ತದೆ, ಆದ್ದರಿಂದ ಕಡ್ಡಿಗಳನ್ನು ತಟ್ಟೆಯಲ್ಲೇ ಉಳಿಸಿ. ಎಣಿಸುವ ಹಳೆಯ ಪದ್ಧತಿ ಅದೇ. ಒಂದು ಕಡ್ಡಿ ಕಿಸೆಗೆ ಹಾಕಿ ಜಾಣತನ ತೋರುವವರೂ ಇದ್ದಾರೆ. ನಂಬಿಕೆಯ ಮೇಲೆ ನಡೆಯುವ ವ್ಯಾಪಾರ, ನಮ್ಮ ಹೆಸರು ಕೆಡಿಸಬೇಡಿ.

ಲೆಕ್ಕಕ್ಕೆ ‘ಮೆ ಕೊಬ್ರಾಸ್?’ ಎಂದರೆ ಸಾಕು. ಪಿಂಚೋ ಒಂದಕ್ಕೆ ಸುಮಾರು 3ರಿಂದ 5 ಯೂರೊ, ಅಡುಗೆಮನೆಯ ವಿಶೇಷಗಳಿಗೆ ಹೆಚ್ಚು. ನಾಲ್ಕೈದು ಬಾರ್ ಸುತ್ತುವ ಸಂಜೆಗೆ ಒಬ್ಬರಿಗೆ 30ರಿಂದ 40 ಯೂರೊ ಎತ್ತಿಡಿ. ಹಲಗೆಯಲ್ಲಿ ‘ರಸಿಯೋನ್’ ಎಂದಿದ್ದರೆ ಅದು ಪೂರ್ತಿ ತಟ್ಟೆ, ‘ಮೆದಿಯಾ’ ಅರ್ಧ. ಪಿಂಚೋ ಬೇಕೆಂದು ಒತ್ತಿ ಹೇಳದಿದ್ದರೆ ದೊಡ್ಡ ತಟ್ಟೆಯೇ ಬಂದು ಬಿಲ್ಲು ಏರುತ್ತದೆ. ಟಿಪ್ಸ್ ಕಡ್ಡಾಯವಲ್ಲ, ಚಿಲ್ಲರೆ ಬಿಟ್ಟರೆ ಸಾಕು. ಕಾಗದದ ಕರವಸ್ತ್ರವನ್ನು ನೆಲಕ್ಕೆಸೆಯುವ ರೂಢಿ ಹಿಂದೆ ಇತ್ತು. ಈಗ ಕೌಂಟರ್ ಕೆಳಗೆ ಬುಟ್ಟಿ ಇದೆಯೇ ಎಂದು ಮೊದಲು ಬಗ್ಗಿ ನೋಡಿ.

ಹಂತ 9: ಕಾಲು ಹಿಂದಕ್ಕೆ ತೆಗೆಯಬೇಕಾದ ಸೂಚನೆಗಳು

ಬಾಗಿಲಲ್ಲಿ ನಿಂತು ಒಳಗೆ ಕರೆಯುವವನಿದ್ದಾನೆ. ತಿಂಡಿಯ ಬಣ್ಣಬಣ್ಣದ ಫೋಟೊ ಬೋರ್ಡ್ ಹೊರಗಿದೆ. ಸಂಜೆ ಐದಕ್ಕೇ ಕೌಂಟರ್ ಭರ್ತಿ, ಬ್ರೆಡ್‌ನ ಅಂಚು ಮೇಲಕ್ಕೆ ಸುರುಳಿ ಸುತ್ತಿದೆ. ಎಲ್ಲದರ ಮೇಲೂ ಅದೇ ಕೆಂಪು ಬಿಳಿ ಪಟ್ಟೆಯ ನಕಲಿ ಏಡಿ ಚೂರು. ಇವುಗಳಲ್ಲಿ ಎರಡು ಕಂಡರೆ ಮುಂದಿನ ಬಾಗಿಲಿಗೆ ಹೋಗಿ. ಒಂದು ಲೋಟ ಹೇಳಿಬಿಟ್ಟಿದ್ದರೂ ಚಿಂತೆಯಿಲ್ಲ, ಕುಡಿದು ಕೊಟ್ಟು ಹೊರಡಿ. ಅಲ್ಲೇ ಊಟ ಮಾಡಬೇಕೆಂಬ ಹಂಗು ಯಾರಿಗೂ ಇಲ್ಲ.

ಹಂತ 10: ವೈನ್ ಹುಟ್ಟುವಲ್ಲಿಗೆ ಅರ್ಧ ದಿನ

ಎರಡನೇ ದಿನ ಬೆಳಿಗ್ಗೆ ಬಸ್ ಹಿಡಿದು ಗೆತಾರಿಯಾಕ್ಕೆ ಹೋಗಿ, ಸುಮಾರು 25 ಕಿಲೋಮೀಟರ್. ಕಾರು ಬಾಡಿಗೆಗೆ ತಗೊಂಡವರೂ ಅಂದು ಬಸ್ಸಿನಲ್ಲೇ ಹೋಗಿ, ಕುಡಿದು ಓಡಿಸುವ ಮಾತೇ ಬೇಡ. ಊರ ಹಿಂದಿನ ಗುಡ್ಡದ ತುಂಬ ಚಕೋಲಿ ತೋಟಗಳು ಕಡಲಿಗೆ ಮುಖ ಮಾಡಿ ನಿಂತಿವೆ. ಅಲ್ಲಿ ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸುವುದು ಹಳೆಯ ಪದ್ಧತಿ. ವಿಜಯಪುರದ ದ್ರಾಕ್ಷಿ ಚಪ್ಪರ ಕಂಡವರಿಗೆ ಪರಿಚಿತ ನೋಟ. ತೋಟದ ಭೇಟಿಗೆ ಮುಂಚೆಯೇ ಸಮಯ ಕಾದಿರಿಸಬೇಕು, ಸುಮ್ಮನೆ ಹೋದರೆ ಗೇಟು ನೋಡಿ ಬರುತ್ತೀರಿ. ರುಚಿ ನೋಡಲು ಸುರಿದದ್ದನ್ನೆಲ್ಲ ಕುಡಿಯಬೇಕಿಲ್ಲ. ಉಗಿಯಲು ಪಾತ್ರೆ ಕೇಳಿ, ಕೇಳುವುದರಲ್ಲಿ ನಾಚಿಕೆಯೇನಿಲ್ಲ.

ಜನವರಿ ಮಧ್ಯದಿಂದ ಏಪ್ರಿಲ್‌ವರೆಗೆ ಹೋಗುವವರಿಗೆ ಇನ್ನೊಂದು ದಾರಿ ಇದೆ. ಅಸ್ತಿಗರ್ರಾಗ, ಎರ್ನಾನಿ ಕಡೆಯ ಸೈಡರ್ ಮನೆಗಳು, ಅಂದರೆ ಸೇಬಿನ ರಸ ಹುಳಿಸಿದ ಮದ್ಯ ಮತ್ತು ಊಟ ಸಿಗುವ ಜಾಗ. ‘ಚೋಚ್!’ ಎಂದು ಕೂಗಿದಾಗ ಎಲ್ಲರೂ ಊಟ ಬಿಟ್ಟು ಎದ್ದು, ಆಳೆತ್ತರ ದಾಟಿದ ಪೀಪಾಯಿಯ ಮುಂದೆ ಸಾಲು ನಿಲ್ಲುತ್ತಾರೆ. ಸಣ್ಣ ತೂತಿನಿಂದ ಚಿಮ್ಮುವ ಧಾರೆಯನ್ನು ಓರೆ ಹಿಡಿದ ಲೋಟದ ಒಳಗೋಡೆಗೆ ತಾಗಿಸಿ ಹಿಡಿಯಬೇಕು. ಎರಡು ಬೆರಳಾದ ಕೂಡಲೇ ಪಕ್ಕಕ್ಕೆ ಸರಿಯಿರಿ, ಹಿಂದಿನವರು ಅದೇ ಧಾರೆಗೆ ಲೋಟ ಒಡ್ಡುತ್ತಾರೆ. ನಲ್ಲಿ ನಿಲ್ಲಿಸುವ ಪದ್ಧತಿ ಇಲ್ಲ. ಹೊಸಬರು ಲೋಟ ನೆಟ್ಟಗೆ ಹಿಡಿದು ಅಂಗಿ ಒದ್ದೆ ಮಾಡಿಕೊಳ್ಳುತ್ತಾರೆ. ಅಂದು ಹಳೆಯ ಅಂಗಿ ಹಾಕಿಕೊಳ್ಳಿ. ಊಟ ಮೊದಲೇ ನಿಗದಿಯಾದದ್ದು: ಬಕಲಾವೊ ಆಮ್ಲೆಟ್, ಮೆಣಸಿನಕಾಯಿ ಹಾಕಿದ ಬಕಲಾವೊ, ದನದ ಚುಲೇತಾ, ಕೊನೆಗೆ ಚೀಸ್, ಕ್ವಿನ್ಸ್ ಎಂಬ ಹಣ್ಣಿನಿಂದ ಮಾಡಿದ, ನಮ್ಮ ಸೀಬೆಹಣ್ಣಿನ ಹಲ್ವದಂಥ ಮೆಂಬ್ರಿಯೊ, ಒಡೆಯಲು ಅಕ್ರೋಟು. ಮೀನು ಮಾಂಸ ಎರಡೂ ಬೇಡದವರು ಕಾದಿರಿಸುವಾಗಲೇ ಹೇಳಿ. ಹೇಳದೆ ಹೋದರೆ ಅಕ್ರೋಟು ಒಡೆಯುತ್ತ ಕೂರಬೇಕಾಗುತ್ತದೆ.